ಮಗಳು ಅಪರಾಧಶಾಸ್ತ್ರ ಓದುತ್ತೇನೆಂದರೆ



ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಮನೆಗಳಲ್ಲಿ ಒಂದು ತಿಂಗಳು ಒಂದೇ ಮಾತು. ವಿಜ್ಞಾನ ಓದಿದವಳಿಗೆ ನರ್ಸಿಂಗೋ ಫಾರ್ಮಸಿಯೋ, ವಾಣಿಜ್ಯ ಓದಿದವಳಿಗೆ ಬಿ.ಕಾಂ., ಕಲಾ ವಿಭಾಗದವಳಿಗೆ ಬಿ.ಎ., ಆ ಮೇಲೆ ಬಿ.ಎಡ್. ಇದರಾಚೆಗೆ ಹುಡುಗಿ ಬಾಯಿ ತೆರೆದರೆ ಮನೆ ಮಂದಿ ಗಾಬರಿಯಾಗುತ್ತಾರೆ. ಮನಶ್ಶಾಸ್ತ್ರ ಮತ್ತು ಅಪರಾಧಶಾಸ್ತ್ರ ಇರುವ ಬಿ.ಎ.ಗೆ ಸೇರುತ್ತೇನೆ ಎಂದಳೆನ್ನಿ, ಅಜ್ಜಿ ಕೇಳುತ್ತಾರೆ: "ಹುಚ್ಚರ ವಿಷಯವನ್ನೂ ಕಳ್ಳರ ವಿಷಯವನ್ನೂ ಓದಿ ನೀನು ಏನಾಗುತ್ತೀ ಮಗಳೇ?"

ಅಜ್ಜಿಯ ಪ್ರಶ್ನೆಯಲ್ಲಿ ತಪ್ಪಿಲ್ಲ. ಅದಕ್ಕೆ ಸರಿಯಾದ ಉತ್ತರ ಮನೆಯಲ್ಲಿ ಯಾರಿಗೂ ತಿಳಿದಿರುವುದಿಲ್ಲ, ಅಷ್ಟೇ. ಆದ್ದರಿಂದ ಈ ತಿಂಗಳು ಈ ಎರಡು ವಿಷಯಗಳ ಬಗ್ಗೆಯೇ ಬರೆಯೋಣ ಎನಿಸಿತು.

ಮೊದಲು ಎರಡು ತಪ್ಪು ಕಲ್ಪನೆಗಳನ್ನು ಬದಿಗಿಡಿ. ಮನಶ್ಶಾಸ್ತ್ರ ಎಂದರೆ ಎದುರಿದ್ದವರ ಮುಖ ನೋಡಿ ಮನಸ್ಸು ಓದುವ ವಿದ್ಯೆಯಲ್ಲ. ಅಪರಾಧಶಾಸ್ತ್ರವೆಂದರೆ ಟಿ.ವಿ.ಯ ರಾತ್ರಿ ಹತ್ತು ಗಂಟೆಯ ಕ್ರೈಮ್ ಕಾರ್ಯಕ್ರಮವೂ ಅಲ್ಲ. ಮನಶ್ಶಾಸ್ತ್ರದಲ್ಲಿ ಮಗುವಿನ ಬೆಳವಣಿಗೆ, ಕಲಿಕೆ, ನೆನಪು, ಭಾವನೆ, ಮಾನಸಿಕ ಅಸ್ವಾಸ್ಥ್ಯ ಇವುಗಳ ಅಧ್ಯಯನವಿದೆ. ಜೊತೆಗೆ ಪ್ರಯೋಗಾಲಯವೂ ಸಂಖ್ಯಾಶಾಸ್ತ್ರವೂ ಇವೆ. ಅಪರಾಧಶಾಸ್ತ್ರದಲ್ಲಿ ಅಪರಾಧ ಯಾಕೆ ನಡೆಯುತ್ತದೆ, ಪೊಲೀಸು, ನ್ಯಾಯಾಲಯ, ಜೈಲು ಹೇಗೆ ಕೆಲಸ ಮಾಡುತ್ತವೆ, ಶಿಕ್ಷೆಯಿಂದ ಮನುಷ್ಯ ತಿದ್ದಿಕೊಳ್ಳುತ್ತಾನೆಯೇ, ಅನ್ಯಾಯಕ್ಕೊಳಗಾದವರ ಗತಿಯೇನು ಎಂಬ ಪ್ರಶ್ನೆಗಳಿವೆ. 2022ರ ಕೊನೆಯಲ್ಲಿ ನಮ್ಮ ದೇಶದ ಜೈಲುಗಳಲ್ಲಿದ್ದ ಪ್ರತಿ ನಾಲ್ವರಲ್ಲಿ ಸುಮಾರು ಮೂವರು ಇನ್ನೂ ತೀರ್ಪು ಬಾರದ ವಿಚಾರಣಾಧೀನ ಕೈದಿಗಳು. ಇಂತಹ ಸಂಗತಿಗಳು ಪಾಠವಾಗುವುದು ಈ ವಿಷಯದಲ್ಲಿ.

ಇವೆರಡೂ ನಮ್ಮ ನಾಡಿಗೆ ಹೊಸವೇನಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾದದ್ದು 1924ರಲ್ಲಿ. ಅದನ್ನು ಕಟ್ಟಿ ಬೆಳೆಸಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ ಎಂಬ ಹೆಸರಿನ ರೇಡಿಯೋ ಕೇಂದ್ರ ಶುರು ಮಾಡಿದವರು. ಅಪರಾಧಶಾಸ್ತ್ರಕ್ಕೆ 1959ರಲ್ಲಿ ಮಧ್ಯಪ್ರದೇಶದ ಸಾಗರ ವಿಶ್ವವಿದ್ಯಾನಿಲಯದಲ್ಲಿ ವಿಭಾಗ ತೆರೆಯಿತು. ಕರ್ನಾಟಕದಲ್ಲಿ ಧಾರವಾಡ, ಮೈಸೂರು, ಮಂಗಳೂರುಗಳಲ್ಲಿ ಇದನ್ನು ಬಹಳ ಹಿಂದಿನಿಂದ ಕಲಿಸುತ್ತಿದ್ದಾರೆ.

ಪಠ್ಯದಲ್ಲಿ ಬೆರಳಚ್ಚಿನ ಪಾಠವೂ ಬರುತ್ತದೆ. ಸಂದರ್ಭ ಬಂತೆಂದು ಒಂದು ಮಾತು ಹೇಳಿಬಿಡುತ್ತೇನೆ. ಜಗತ್ತಿನ ಮೊದಲ ಬೆರಳಚ್ಚು ಕಚೇರಿ 1897ರಲ್ಲಿ ತೆರೆದದ್ದು ಕಲ್ಕತ್ತಾದಲ್ಲಿ. ಬೆರಳಚ್ಚುಗಳನ್ನು 1,024 ಗೂಡುಗಳಲ್ಲಿ ವಿಂಗಡಿಸಿಡುವ ಲೆಕ್ಕಾಚಾರವನ್ನು ರೂಪಿಸಿದವರು ಗಣಿತ ಓದಿದ್ದ ಸಬ್ ಇನ್‌ಸ್ಪೆಕ್ಟರ್ ಖಾಜಿ ಅಝೀಝುಲ್ ಹಕ್. ಆ ಪದ್ಧತಿಗೆ ಇಂದಿಗೂ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರೇ ಇದೆ!

ಸರಿ, ಈ ಎರಡನ್ನು ಒಟ್ಟಿಗೆ ಯಾಕೆ ಓದಬೇಕು? ಒಂದು ನಿಜ ಪ್ರಕರಣ ಹೇಳುತ್ತೇನೆ, ನೀವೇ ಯೋಚಿಸಿ.

1984ರ ಜುಲೈ ತಿಂಗಳು. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಬರ್ಲಿಂಗ್ಟನ್ ಪಟ್ಟಣ. ಜೆನ್ನಿಫರ್ ಥಾಂಪ್ಸನ್ ಎಂಬ 22ರ ಹರೆಯದ ಕಾಲೇಜು ವಿದ್ಯಾರ್ಥಿನಿಯ ಮನೆಗೆ ರಾತ್ರಿ ಒಬ್ಬ ನುಗ್ಗಿ ಅತ್ಯಾಚಾರವೆಸಗಿದ. ಆಕೆ ಧೈರ್ಯಗೆಡಲಿಲ್ಲ. ಬದುಕುಳಿದರೆ ಇವನನ್ನು ಜೈಲಿಗೆ ಕಳುಹಿಸಲೇಬೇಕೆಂದು ಅವನ ಮುಖವನ್ನು ಒಂದೊಂದಾಗಿ ಮನಸ್ಸಿನಲ್ಲಿ ಬರೆದುಕೊಂಡಳು. ಉಪಾಯದಿಂದ ತಪ್ಪಿಸಿಕೊಂಡಳು. ಪೊಲೀಸರು ತೋರಿಸಿದ ಕೆಲವು ಫೋಟೋಗಳಲ್ಲಿ ರೊನಾಲ್ಡ್ ಕಾಟನ್ ಎಂಬ ಯುವಕನನ್ನು ಆರಿಸಿದಳು. ನಂತರ ಸಾಲಾಗಿ ನಿಲ್ಲಿಸಿದವರಲ್ಲೂ ಅವನನ್ನೇ ತೋರಿಸಿದಳು. ಫೋಟೋದಲ್ಲಿ ಆರಿಸಿದ್ದೂ ಇವನನ್ನೇ ಎಂದು ಪೊಲೀಸರು ಹೇಳಿದಾಗ ಆಕೆಗೆ ಸಮಾಧಾನವಾಯಿತು. 1985ರಲ್ಲಿ ಕಾಟನ್‌ಗೆ ಜೀವಾವಧಿ ಶಿಕ್ಷೆಯಾಯಿತು.

ಜೈಲಿನಲ್ಲಿ ಕಾಟನ್‌ಗೆ ತನ್ನನ್ನೇ ಹೋಲುವ ಬಾಬಿ ಪೂಲ್ ಎಂಬ ಕೈದಿ ಕಣ್ಣಿಗೆ ಬಿದ್ದ. ಅಪರಾಧಿ ಇವನೇ ಇರಬೇಕೆಂದು ಕಾಟನ್‌ಗೆ ಸಂಶಯ. 1987ರ ಮರುವಿಚಾರಣೆಯಲ್ಲಿ ಪೂಲ್‌ನನ್ನು ಜೆನ್ನಿಫರ್‌ಳ ಎದುರು ತಂದು ನಿಲ್ಲಿಸಿದರು. ಇವನನ್ನು ನಾನು ನೋಡಿಯೇ ಇಲ್ಲ ಎಂದಳು ಆಕೆ. ಕಾಟನ್‌ಗೆ ಮತ್ತೆ ಶಿಕ್ಷೆ. ಕೊನೆಗೆ 1995ರಲ್ಲಿ ಡಿ.ಎನ್.ಎ. ಪರೀಕ್ಷೆಯಾದಾಗ ತಿಳಿದುಬಂತು, ಅಂದು ರಾತ್ರಿ ಬಂದವನು ಪೂಲ್. ನಿರಪರಾಧಿ ಕಾಟನ್ ಹತ್ತು ವರ್ಷಕ್ಕೂ ಮಿಕ್ಕಿ ಜೈಲಿನಲ್ಲಿ ಕಳೆದಿದ್ದ.

ಇಲ್ಲಿ ಜೆನ್ನಿಫರ್ ಸುಳ್ಳು ಹೇಳಿದಳೇ? ಇಲ್ಲ. ಆಕೆಗೆ ಯಾರ ಮೇಲೂ ಹಗೆಯಿರಲಿಲ್ಲ, ಗಮನವಿಟ್ಟು ನೋಡಿದ್ದಳು, ಪ್ರಾಮಾಣಿಕಳಾಗಿದ್ದಳು. ತಪ್ಪಿದ್ದು ನೆನಪು. ನೆನಪು ಕ್ಯಾಮರಾದ ಹಾಗೆ ಚಿತ್ರ ಹಿಡಿದಿಡುವುದಿಲ್ಲ. ಪ್ರತಿ ಸಲ ನೆನಪಿಸಿಕೊಳ್ಳುವಾಗ ಮನಸ್ಸು ಅದನ್ನು ಹೊಸದಾಗಿ ಕಟ್ಟುತ್ತದೆ, ಕಟ್ಟುವಾಗ ಬೇರೆಲ್ಲೋ ನೋಡಿದ್ದು ಕೇಳಿದ್ದು ಅದರೊಳಗೆ ಸೇರಿಕೊಳ್ಳುತ್ತದೆ. ಫೋಟೋದಲ್ಲಿ ಕಂಡ ಕಾಟನ್‌ನ ಮುಖ ಆಕೆಯ ನೆನಪಿನಲ್ಲಿ ಅಪರಾಧಿಯ ಮುಖದ ಜಾಗದಲ್ಲಿ ಕೂತುಬಿಟ್ಟಿತ್ತು. ಪೊಲೀಸರ ಮೆಚ್ಚುಗೆಯ ಒಂದು ಮಾತು ಅದನ್ನು ಗಟ್ಟಿ ಮಾಡಿತು. ಆಕೆ ಬಿಳಿಯಳು, ಕಾಟನ್ ಕರಿಯ. ನಮ್ಮದಲ್ಲದ ಜನಾಂಗದವರ ಮುಖಗಳನ್ನು ಗುರುತಿಸುವಲ್ಲಿ ಮನುಷ್ಯರು ಹೆಚ್ಚು ತಪ್ಪು ಮಾಡುತ್ತಾರೆಂಬುದೂ ಸಂಶೋಧನೆಗಳಿಂದ ಸಿದ್ಧವಾಗಿದೆ. ಕಾಟನ್ ಮತ್ತು ಜೆನ್ನಿಫರ್ ಮುಂದೆ ಸ್ನೇಹಿತರಾದರು, 2009ರಲ್ಲಿ ಒಟ್ಟಾಗಿ ಪುಸ್ತಕವನ್ನೇ ಬರೆದರು.

ಬೇಸರದ ಸಂಗತಿಯೆಂದರೆ ನೆನಪಿನ ಈ ದೌರ್ಬಲ್ಯ ಮನಶ್ಶಾಸ್ತ್ರಜ್ಞರಿಗೆ ಅದಕ್ಕೆ ಮುಂಚೆಯೇ ಗೊತ್ತಿತ್ತು. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬವರು ವಿದ್ಯಾರ್ಥಿಗಳಿಗೆ ಕಾರುಗಳ ಡಿಕ್ಕಿಯ ಚಿತ್ರ ತೋರಿಸಿ ವೇಗ ಎಷ್ಟಿತ್ತೆಂದು ಕೇಳಿದರು. ಕಾರುಗಳು ‘ತಾಗಿದಾಗ’ ಎಂದು ಕೇಳಿದರೆ ಸರಾಸರಿ ಉತ್ತರ ಗಂಟೆಗೆ ಸುಮಾರು 51 ಕಿಲೋಮೀಟರು. ‘ಅಪ್ಪಳಿಸಿದಾಗ’ ಎಂದು ಕೇಳಿದರೆ ಸುಮಾರು 66. ಚಿತ್ರ ಒಂದೇ, ಬದಲಾದದ್ದು ಒಂದು ಶಬ್ದ ಮಾತ್ರ. ಇನ್ನೊಂದು ಸುತ್ತಿನಲ್ಲಿ ವಾರ ಕಳೆದ ಮೇಲೆ ಒಡೆದ ಗಾಜು ಕಂಡಿರಾ ಎಂದು ಕೇಳಿದರು. ‘ಅಪ್ಪಳಿಸಿದ’ ಎಂಬ ಶಬ್ದ ಕೇಳಿದ್ದ 50 ಮಂದಿಯಲ್ಲಿ 16 ಮಂದಿ ಹೌದೆಂದರು. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ! ಮನೆಯಲ್ಲಿ ಏನಾದರೂ ಕಳೆದುಹೋದಾಗ "ನೀನು ತೆಗೆದೆಯಾ?" ಎಂದು ಕೇಳುವುದಕ್ಕೂ "ಅದನ್ನು ಕೊನೆಯ ಸಲ ಎಲ್ಲಿ ನೋಡಿದೆ?" ಎಂದು ಕೇಳುವುದಕ್ಕೂ ಇರುವ ವ್ಯತ್ಯಾಸ ತಾಯಂದಿರಿಗೆ ಗೊತ್ತು.

ಮದ್ರಸ ಶಿಕ್ಷಣ ಪಡೆದವರಿಗೆ ಈ ಮಾತು ಕೇಳಿದಾಗ ಹದೀಸ್ ಶಾಸ್ತ್ರದ ಪಾಠ ನೆನಪಾಗದಿರದು. ವರದಿಗಾರನ ‘ಅದಾಲತ್’ ಬೇರೆ, ‘ದಬ್ತ್’ ಬೇರೆ. ಮನುಷ್ಯ ಎಷ್ಟೇ ಸತ್ಯಸಂಧನಾಗಿದ್ದರೂ ಅವನ ಜ್ಞಾಪಕಶಕ್ತಿ ದುರ್ಬಲವಾಗಿದ್ದರೆ ಅವನ ವರದಿಯನ್ನು ವಿದ್ವಾಂಸರು ಹಾಗೆಯೇ ಸ್ವೀಕರಿಸಲಿಲ್ಲ. ಒಳ್ಳೆಯವನು ಎಂಬುದು ಸರಿಯಾಗಿ ನೆನಪಿಟ್ಟಿದ್ದಾನೆ ಎಂಬುದಕ್ಕೆ ಪುರಾವೆಯಲ್ಲ. ನ್ಯಾಯಾಲಯಗಳು ಬಹಳ ತಡವಾಗಿ ಕಲಿಯುತ್ತಿರುವ ಪಾಠವಿದು.

ಈಗ ನೋಡಿ. ಬರೇ ಮನಶ್ಶಾಸ್ತ್ರ ಓದಿದವಳಿಗೆ ನೆನಪು ಹೇಗೆ ಜಾರುತ್ತದೆಂದು ಗೊತ್ತು, ಆದರೆ ಗುರುತು ಪತ್ತೆ ಪೆರೇಡ್ ಯಾರು ನಡೆಸುತ್ತಾರೆ, ಅದಕ್ಕೆ ನ್ಯಾಯಾಲಯದಲ್ಲಿ ಎಷ್ಟು ಬೆಲೆ ಎಂಬುದು ಗೊತ್ತಿಲ್ಲ. ಬರೇ ಅಪರಾಧಶಾಸ್ತ್ರ ಓದಿದವಳಿಗೆ, ನಮ್ಮಲ್ಲಿ ಆ ಪೆರೇಡನ್ನು ಪೊಲೀಸರಲ್ಲ, ಮ್ಯಾಜಿಸ್ಟ್ರೇಟರು ನಡೆಸಬೇಕೆಂದು ಗೊತ್ತು, ಯಾಕೆಂದು ಗೊತ್ತಿಲ್ಲ. ಎರಡೂ ಓದಿದವಳು ಮಾತ್ರ ಸಾಕ್ಷಿಯನ್ನು ಅವಮಾನಿಸದೆ, ಆರೋಪಿಯನ್ನು ಬಲಿಗೊಡದೆ ಪ್ರಶ್ನೆ ಕೇಳಬಲ್ಲಳು.

ಒಂದೊಂದೇ ಶಾಸ್ತ್ರ ತನ್ನನ್ನೇ ನಂಬಿ ನಡೆದಾಗ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ಕಹಿ ಉದಾಹರಣೆಗಳಿವೆ. 1876ರಲ್ಲಿ ಇಟಲಿಯ ವೈದ್ಯ ಲೊಂಬ್ರೋಸೊ ಅಪರಾಧಿ ಹುಟ್ಟುವಾಗಲೇ ಅಪರಾಧಿ, ತಲೆಬುರುಡೆ, ದವಡೆ, ಕಿವಿ ನೋಡಿ ಅವನನ್ನು ಗುರುತಿಸಬಹುದು ಎಂದು ಪುಸ್ತಕ ಬರೆದ. ಅವನನ್ನು ಅಪರಾಧಶಾಸ್ತ್ರದ ಪಿತಾಮಹನೆಂದೇ ಕರೆದರು. 1913ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಗೋರಿಂಗ್ ಸುಮಾರು 3,000 ಕೈದಿಗಳನ್ನು ಅಳೆದು ನೋಡಿ ಅಂಥ ಯಾವ ದೇಹಲಕ್ಷಣವೂ ಇಲ್ಲವೆಂದು ತೋರಿಸಬೇಕಾಯಿತು. ಅಷ್ಟರಲ್ಲಿ ನಮ್ಮ ದೇಶದಲ್ಲಿ ಬ್ರಿಟಿಷರು ಲೊಂಬ್ರೋಸೊನಿಗೂ ಮೊದಲೇ, 1871ರಲ್ಲಿ, ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದು ಕೆಲವು ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಹಚ್ಚಿಯಾಗಿತ್ತು. ಆ ಸಮುದಾಯದವರು ಠಾಣೆಯಲ್ಲಿ ಹೆಸರು ಬರೆಸಬೇಕು, ಹಾಜರಿ ಕೊಡಬೇಕು. ಹುಬ್ಬಳ್ಳಿಗೆ ಹೋದವರು ‘ಸೆಟ್ಲ್‌ಮೆಂಟ್’ ಎಂಬ ಬಡಾವಣೆಯ ಹೆಸರು ಕೇಳಿರಬಹುದು. ಅದು ಇಂಥ ಕುಟುಂಬಗಳನ್ನು ಕೂಡಿಟ್ಟಿದ್ದ ಜಾಗ. 1952ರಲ್ಲಿ ಕಾಯ್ದೆ ರದ್ದಾಯಿತು, ಹೆಸರು ಉಳಿಯಿತು. ಒಂದು ಮಗುವಿಗೆ ಹುಟ್ಟಿನಿಂದಲೇ ‘ಕಳ್ಳರ ಕುಲ’ ಎಂದು ಹೇಳುತ್ತಾ ಬೆಳೆಸಿದರೆ ಅದರ ಮನಸ್ಸಿನ ಮೇಲೆ ಏನಾಗುತ್ತದೆಂದು ಆ ಕಾಯ್ದೆ ಬರೆದವರು ಕೇಳಲೇ ಇಲ್ಲ.

ಹಾಗೆಯೇ ಮನಶ್ಶಾಸ್ತ್ರದ ಹೆಸರಿನಲ್ಲೂ ಅತಿರೇಕ ನಡೆದಿದೆ, ಅದೂ ನಮ್ಮ ಬೆಂಗಳೂರಿನಲ್ಲೇ. 2000ದ ದಶಕದಲ್ಲಿ ಮಂಪರು ಪರೀಕ್ಷೆ ಎಂಬ ಶಬ್ದ ದಿನಬೆಳಗಾದರೆ ಪತ್ರಿಕೆಗಳಲ್ಲಿ ಕಾಣಿಸುತ್ತಿದ್ದುದು ನಿಮಗೆ ನೆನಪಿರಬಹುದು. ಆರೋಪಿಗೆ ಸೋಡಿಯಂ ಪೆಂಟೊಥಾಲ್ ಎಂಬ ಔಷಧಿ ಕೊಟ್ಟು ಅರೆಪ್ರಜ್ಞೆಯಲ್ಲಿ ಪ್ರಶ್ನೆ ಕೇಳುವುದು. ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ದೇಶದ ನಾನಾ ಕಡೆಗಳಿಂದ ಆರೋಪಿಗಳನ್ನು ಕರೆತರುತ್ತಿದ್ದರು. ಪರೀಕ್ಷೆಯ ವೀಡಿಯೋಗಳು ಟಿ.ವಿ.ಯಲ್ಲಿ ಬಂದವು. ನೋಡಿದ ಜನ "ಅವನೇ ಒಪ್ಪಿಕೊಂಡ" ಎಂದು ತೀರ್ಪು ಕೊಟ್ಟೇಬಿಟ್ಟರು. ಆದರೆ ಮಂಪರಿನಲ್ಲಿ ಮನುಷ್ಯ ಸತ್ಯವನ್ನೇ ಹೇಳುತ್ತಾನೆಂಬುದಕ್ಕೆ ಖಾತರಿಯೇನು? ಮಂಪರಿನಲ್ಲಿದ್ದವನಿಗೆ ಪ್ರಶ್ನೆಯಲ್ಲೇ ಉತ್ತರ ತುಂಬಿ ಕೇಳಿದರೆ ಅವನು ಅದನ್ನೇ ಒಪ್ಪಬಹುದು, ಕಲ್ಪಿಸಿಯೂ ಹೇಳಬಹುದು. ಕೊನೆಗೆ 2010ರ ಮೇ 5ರಂದು ಸುಪ್ರೀಂ ಕೋರ್ಟು ತೀರ್ಪು ನೀಡಿತು. ಒಪ್ಪಿಗೆಯಿಲ್ಲದೆ ಯಾರ ಮೇಲೂ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮೆದುಳಿನ ಮ್ಯಾಪಿಂಗ್ ನಡೆಸಬಾರದು, ಯಾರೂ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದೆಂಬ ಸಂವಿಧಾನದ ರಕ್ಷಣೆಗೆ ಅದು ವಿರುದ್ಧ ಎಂದಿತು. ಒಪ್ಪಿಗೆಯಿಂದ ನಡೆಸಿದರೂ ಅಲ್ಲಿ ಆಡಿದ ಮಾತು ತಾನಾಗಿಯೇ ಸಾಕ್ಷ್ಯವಾಗದು. ಈ ತೀರ್ಪಿನ ಹೆಸರಿನಲ್ಲೇ ನಮ್ಮ ರಾಜ್ಯವಿದೆ: ಸೆಲ್ವಿ ಮತ್ತು ಕರ್ನಾಟಕ ರಾಜ್ಯ. ಈ ಎರಡು ವಿಷಯ ಓದುವ ಪ್ರತಿಯೊಬ್ಬ ಹುಡುಗಿ ಓದಲೇಬೇಕಾದ ತೀರ್ಪು ಅದು.

ಇದೆಲ್ಲ ದೊಡ್ಡ ಪ್ರಕರಣಗಳಾಯಿತು. ನಮ್ಮ ಬೀದಿಗೆ ಬರೋಣ. ಹದಿನಾರು ದಾಟಿದ ಹುಡುಗ ಗೆಳೆಯರ ಜೊತೆ ಸೇರಿ ಗಂಭೀರ ಅಪರಾಧವೊಂದರಲ್ಲಿ ಸಿಕ್ಕಿಬಿದ್ದನೆನ್ನಿ. ಅವನ ತಾಯಿಯ ಸ್ಥಿತಿ ಊಹಿಸಿ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ 16ರಿಂದ 18ರೊಳಗಿನವರು ಘೋರ ಅಪರಾಧ ಮಾಡಿದ್ದಾರೆಂಬ ಆರೋಪವಿದ್ದರೆ ಬಾಲನ್ಯಾಯ ಮಂಡಳಿ ಮೊದಲು ಒಂದು ಪರಿಶೀಲನೆ ನಡೆಸುತ್ತದೆ. ಆ ಕೃತ್ಯ ಎಸಗುವ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ ಅವನಿಗಿತ್ತೇ, ಅದರ ಪರಿಣಾಮ ಅರಿಯುವ ಶಕ್ತಿ ಇತ್ತೇ, ಯಾವ ಸನ್ನಿವೇಶದಲ್ಲಿ ಮಾಡಿದ ಎಂದು ನೋಡುತ್ತದೆ. ಅವನನ್ನು ದೊಡ್ಡವರ ಹಾಗೆ ವಿಚಾರಣೆಗೆ ಒಳಪಡಿಸಬೇಕೇ ಎಂಬುದು ಅದರ ಮೇಲೆ ನಿಂತಿದೆ. ಒಬ್ಬ ಹುಡುಗನ ಇಡೀ ಬಾಳು ಆ ವರದಿಯ ಮೇಲಿದೆ! 2022ರಲ್ಲಿ ಸುಪ್ರೀಂ ಕೋರ್ಟು, ಮಂಡಳಿಯ ಸದಸ್ಯರಿಗೆ ಮಕ್ಕಳ ಮನಶ್ಶಾಸ್ತ್ರದ ಪದವಿ ಇಲ್ಲದಿದ್ದರೆ ಮನಶ್ಶಾಸ್ತ್ರಜ್ಞರ ನೆರವು ಪಡೆಯಲೇಬೇಕೆಂದು ಹೇಳಿತು. ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಸೇವಕರಿರುತ್ತಾರೆ, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಲೇಬೇಕು. ಆ ಕುರ್ಚಿಯಲ್ಲಿ ಕೂರಲು ನಮ್ಮಲ್ಲಿ ಎಷ್ಟು ಹೆಣ್ಣುಮಕ್ಕಳು ತಯಾರಾಗಿದ್ದಾರೆ?

ದೌರ್ಜನ್ಯಕ್ಕೊಳಗಾದ ಮಗುವಿನ ವಿಷಯವೂ ಹಾಗೆಯೇ. 2012ರ ಪೋಕ್ಸೋ ಕಾಯ್ದೆ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದಕ್ಕೆ ಇಷ್ಟವಾದ ಜಾಗದಲ್ಲಿ, ಸಾಧ್ಯವಿದ್ದಷ್ಟು ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಪಡೆಯಬೇಕೆನ್ನುತ್ತದೆ. ಪ್ರಕರಣ ಮುಗಿಯುವ ತನಕ ಮಗುವಿನ ಜೊತೆಗಿರಲು ಒಬ್ಬ ಬೆಂಬಲ ವ್ಯಕ್ತಿಯನ್ನು ನೇಮಿಸುವ ವ್ಯವಸ್ಥೆಯಿದೆ. ಮನಶ್ಶಾಸ್ತ್ರ, ಸಮಾಜಕಾರ್ಯ, ಸಮಾಜಶಾಸ್ತ್ರ ಅಥವಾ ಶಿಶು ಅಭಿವೃದ್ಧಿಯಲ್ಲಿ ಸ್ನಾತಕೋತ್ತರ ಪದವಿ ಪಡೆದವರು ಅದಕ್ಕೆ ಅರ್ಹರು. ಜಿಲ್ಲೆಗಳಲ್ಲಿರುವ ‘ಸಖಿ’ ಕೇಂದ್ರಗಳಲ್ಲೂ ನೊಂದ ಮಹಿಳೆಯರಿಗೆ ಆಪ್ತ ಸಮಾಲೋಚಕಿಯರು ಬೇಕು. ಮನೆಯ ಭಾಷೆಯಲ್ಲೇ, ಅದು ಬ್ಯಾರಿಯಾಗಲಿ ಉರ್ದುವಾಗಲಿ, ಮಾತನಾಡುವವಳು ಎದುರಿಗಿದ್ದರೆ ಹೆದರಿದ ಮಗು ಎಷ್ಟು ಬೇಗ ಬಾಯಿ ತೆರೆಯುತ್ತದೆಂದು ನಾನು ವಿವರಿಸಬೇಕಿಲ್ಲ.

ಇನ್ನು ಉದ್ಯೋಗದ ಮಾತು. ಇಲ್ಲಿ ಸುಳ್ಳು ಆಸೆ ಹುಟ್ಟಿಸುವುದು ನ್ಯಾಯವಲ್ಲ. ಈ ವಿಷಯಗಳಲ್ಲಿ ಬಿ.ಎ. ಮುಗಿಸಿದ ಮಾತ್ರಕ್ಕೆ ಯಾರೂ ಮನಶ್ಶಾಸ್ತ್ರಜ್ಞೆಯಾಗುವುದಿಲ್ಲ. ಸ್ನಾತಕೋತ್ತರ ಪದವಿ ಬೇಕೇ ಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಫಲಕ ಹಾಕಬೇಕಾದರೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ಮಾನ್ಯತೆಯಿರುವ ಕೋರ್ಸು ಮುಗಿಸಿ ಅಲ್ಲಿ ನೋಂದಾಯಿಸಬೇಕು. ಮೂರು ತಿಂಗಳ ಸರ್ಟಿಫಿಕೇಟ್ ಕೊಟ್ಟು ‘ಕೌನ್ಸಿಲರ್’ ಮಾಡಿಬಿಡುತ್ತೇವೆ ಎನ್ನುವ ಜಾಹೀರಾತುಗಳಿಗೆ ಮಾರುಹೋಗಬೇಡಿ.

ಇನ್ನೊಂದು ಮುಖ್ಯ ವಿಷಯ. ಮದುವೆಯಾದ ಮೇಲೆ ಮನೆಯಲ್ಲೇ ಕುಳಿತು ದೂರಶಿಕ್ಷಣದಲ್ಲಿ ಮನಶ್ಶಾಸ್ತ್ರ ಎಂ.ಎ. ಮಾಡೋಣ ಎಂದು ನಮ್ಮ ಅನೇಕ ಸಹೋದರಿಯರು ಯೋಚಿಸುತ್ತಿದ್ದರು. ಯು.ಜಿ.ಸಿ.ಯು 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನಶ್ಶಾಸ್ತ್ರವನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಕಲಿಸುವುದನ್ನು ನಿಲ್ಲಿಸಿದೆ. ಹಾಗಾಗಿ ಸೀಟು ಇದೆ ಎಂದು ಯಾರಾದರೂ ಹಣ ಕೇಳಿದರೆ ಎಚ್ಚರ. ಹುಡುಗಿಯ ವಿದ್ಯಾಭ್ಯಾಸ ನಡೆಯುತ್ತಿರುವಾಗ ಮದುವೆಯ ಮಾತುಕತೆ ಬಂದರೆ, "ಉಳಿದದ್ದನ್ನು ಆಮೇಲೆ ಮನೆಯಿಂದಲೇ ಓದಬಹುದು" ಎಂಬ ಸಮಾಧಾನ ಈ ವಿಷಯದ ಮಟ್ಟಿಗೆ ಇನ್ನು ನಡೆಯದು. ಕಾಲೇಜಿಗೆ ಹೋಗಿ ಓದಲು ಅವಕಾಶ ಕೊಡುತ್ತಾರೆಯೇ ಎಂದು ಮೊದಲೇ ಸ್ಪಷ್ಟವಾಗಿ ಕೇಳಿಕೊಳ್ಳಿ.

ಅಪರಾಧಶಾಸ್ತ್ರದ ಕಡೆಯಿಂದ ಹೋಗುವವರಿಗೂ ಒಂದು ಮಾತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಭೇಟಿ ನೀಡಬೇಕು. ಇದಕ್ಕೆ ವ್ಯವಸ್ಥೆ ಮಾಡಿಕೊಳ್ಳಲು ರಾಜ್ಯಗಳಿಗೆ ಐದು ವರ್ಷಗಳ ಕಾಲಾವಕಾಶವಿದೆ. ಆದ್ದರಿಂದ ತರಬೇತಾದವರ ಬೇಡಿಕೆ ಹೆಚ್ಚುವುದು ಖಂಡಿತ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾನಿಲಯದ ಕ್ಯಾಂಪಸ್ಸಿಗೆ 2023ರ ಜನವರಿಯಲ್ಲಿ ಧಾರವಾಡದಲ್ಲಿ ಶಂಕುಸ್ಥಾಪನೆಯಾಯಿತು. ಆದರೆ ಪ್ರಯೋಗಾಲಯದ ಹುದ್ದೆಗಳಿಗೆ ಸಾಮಾನ್ಯವಾಗಿ ವಿಜ್ಞಾನದ ಪದವಿ ಕೇಳುತ್ತಾರೆ. ಕಲಾ ವಿಭಾಗದ ಹುಡುಗಿ ರಕ್ತ, ವಿಷ ಪರೀಕ್ಷಿಸುವ ಕನಸು ಕಂಡು ಬಿ.ಎ.ಗೆ ಸೇರಿದರೆ ಕೊನೆಗೆ ನಿರಾಶೆಯಾದೀತು. ಅವಳ ದಾರಿ ಬಾಲನ್ಯಾಯ, ಸಮಾಲೋಚನೆ, ಜೈಲು ಸುಧಾರಣೆ, ಕಾನೂನು, ಸಂಶೋಧನೆ, ಬೋಧನೆ ಇವುಗಳ ಕಡೆಗೆ. ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಯಾವುದೇ ಪದವಿ ಸಾಕು.

ಇಂಥದ್ದನ್ನೆಲ್ಲ ಓದಿದರೆ ಹುಡುಗಿಯ ಮನಸ್ಸು ಕೆಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕೆಲವು ಪಾಠಗಳು ಭಾರವಾಗುವುದು ನಿಜ. ಬಾಲ್ಯದಲ್ಲಿ ತಾನೇ ಯಾವುದೋ ನೋವು ಅನುಭವಿಸಿದ ಹುಡುಗಿಗೆ ತರಗತಿಯಲ್ಲಿ ಅದು ಕೆದಕಿದಂತಾಗಬಹುದು. ಅಂಥವಳು ಅಧ್ಯಾಪಕಿಯ ಬಳಿಯೋ ತಾಯಿಯ ಬಳಿಯೋ ಮಾತನಾಡಲು ಸಾಧ್ಯವಾಗಬೇಕು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಕೂಡಾ ಇದೆ. ಉಳಿದವರ ಬಗ್ಗೆ ನನಗೆ ಚಿಂತೆಯಿಲ್ಲ. ಗೋಡೆಯಾಚೆಗಿನ ಜಗಳ ಕೇಳಿಸಿಕೊಳ್ಳುತ್ತಾ ಬೆಳೆದ ಹೆಣ್ಣುಮಕ್ಕಳಿಗೆ ಪುಸ್ತಕದಲ್ಲಿರುವುದು ಹೊಸದೇನಲ್ಲ, ಅದಕ್ಕೊಂದು ಹೆಸರಿದೆ ಎಂದು ತಿಳಿಯುವುದು ಹೊಸದು.

ಸೇರಿಸುವ ಮುನ್ನ ಕಾಲೇಜಿಗೆ ತಾಯಿಯೇ ಹೋಗಿ ವಿಚಾರಿಸುವುದು ಒಳ್ಳೆಯದು. ಕರ್ನಾಟಕದಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷಗಳದ್ದಾಗಿದೆ. ಮೂರು ಮುಖ್ಯ ವಿಷಯಗಳಲ್ಲಿ ಈ ಎರಡರ ಜೊತೆ ಮೂರನೆಯದು ಯಾವುದು, ಮನಶ್ಶಾಸ್ತ್ರಕ್ಕೆ ನಿಜವಾಗಿ ಪ್ರಯೋಗಾಲಯ ಇದೆಯೇ, ಜೈಲು ಅಥವಾ ಬಾಲಮಂದಿರದ ಭೇಟಿಗೆ ಅಧ್ಯಾಪಕಿಯರು ಜೊತೆಗೆ ಹೋಗುತ್ತಾರೆಯೇ ಎಂದು ಕೇಳಿ. ಕಳೆದ ವರ್ಷ ಪಾಸಾದ ಹುಡುಗಿಯರು ಈಗ ಎಲ್ಲಿದ್ದಾರೆಂದೂ ಕೇಳಿ. ತಡವರಿಸಿದರೆ ಅರ್ಥಮಾಡಿಕೊಳ್ಳಿ. ಮನಶ್ಶಾಸ್ತ್ರದಲ್ಲಿ ಹುಡುಗಿಯರು ಎಡವುವುದು ಹೆಚ್ಚಾಗಿ ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲಿ, ಪಿಯುಸಿಯಲ್ಲಿ ಲೆಕ್ಕ ಬಿಟ್ಟವರಂತೂ ಮೊದಲ ಸೆಮಿಸ್ಟರ್‌ನಲ್ಲೇ ಬೆದರುತ್ತಾರೆ. ಕಾಲೇಜು ತೆರೆಯಲು ಇನ್ನೂ ಕೆಲವು ವಾರಗಳಿವೆ. ಎಸ್ಸೆಸ್ಸೆಲ್ಸಿ ಗಣಿತ ಪುಸ್ತಕ ಅಟ್ಟದಲ್ಲಿದ್ದರೆ ಕೆಳಗಿಳಿಸಿ, ಸರಾಸರಿ, ಮಧ್ಯಾಂಕ, ನಕ್ಷೆ ಇರುವ ಸಂಖ್ಯಾಶಾಸ್ತ್ರದ ಆ ಒಂದು ಅಧ್ಯಾಯವನ್ನು ಮಗಳಿಂದ ಮತ್ತೊಮ್ಮೆ ಮಾಡಿಸಿ.